ಸೆಂಡ್‌ಆಫ್ ದಿನ ಮಕ್ಕಳ ಕೈಗೆ ಏನು ಕೊಟ್ಟು ಕಳಿಸೋಣ?

ಪ್ರಶ್ನೆ: ನಮಸ್ಕಾರ ಸರ್. ನಾನು ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಪ್ರತಿ ವರ್ಷ ಫೆಬ್ರವರಿಯಲ್ಲಿ ಹತ್ತನೇ ತರಗತಿಯವರಿಗೆ ಸರಸ್ವತಿ ಪೂಜೆ, ಸೆಂಡ್‌ಆಫ್ ಎರಡನ್ನೂ ಒಂದೇ ದಿನ ಮಾಡುತ್ತೇವೆ. ಹೋದ ವರ್ಷ ಹೊರಗಿನಿಂದ ಒಬ್ಬರನ್ನು ಕರೆಸಿ ‘ಮುಂದೇನು?’ ಅಂತ ಭಾಷಣ ಮಾಡಿಸಿದೆವು. ಒಂದೂವರೆ ಗಂಟೆ ಐಎಎಸ್ ಆಗಿ, ಡಾಕ್ಟರ್ ಆಗಿ, ದೊಡ್ಡ ಕನಸು ಕಾಣಿ ಅಂದರು. ಮಕ್ಕಳು ಅಡುಗೆಮನೆ ಕಡೆಯೇ ನೋಡುತ್ತಿದ್ದರು. ಜುಲೈನಲ್ಲಿ ವಿಚಾರಿಸಿದರೆ ಪಾಸಾದವರಲ್ಲೂ ಕೆಲವರು ಎಲ್ಲಿಗೂ ಸೇರಿರಲಿಲ್ಲ. ಇಬ್ಬರು ಹುಡುಗಿಯರಿಗೆ ಗಂಡು ನೋಡುತ್ತಿದ್ದರು. ಈ ಸಲ ಜವಾಬ್ದಾರಿ ನನಗೆ ಬಂದಿದೆ. ಸುಮಾರು ಅರವತ್ತು ಮಕ್ಕಳಿದ್ದಾರೆ, ದುಡ್ಡು ಜಾಸ್ತಿ ಇಲ್ಲ. ಸಂಭ್ರಮವೂ ಇರಬೇಕು, ಮಕ್ಕಳಿಗೆ ದಾರಿಯೂ ಕಾಣಬೇಕು. ಏನು ಮಾಡಲಿ?

ಉತ್ತರ: ಮೇಡಂ, ಜುಲೈನಲ್ಲಿ ವಿಚಾರಿಸಿದಿರಲ್ಲ, ಮೊದಲು ಅದಕ್ಕೆ ಕೈ ಮುಗಿಯುತ್ತೇನೆ. ಫಲಿತಾಂಶ ಬಂದಾಗ ಶೇಕಡಾ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ಮಗು ಎಲ್ಲಿಗೆ ಸೇರಿತು ಅಂತ ಕೇಳುವವರು ತುಂಬಾ ಕಡಿಮೆ. ನಾನು ಹಳ್ಳಿ ಪ್ರೌಢಶಾಲೆಗಳಲ್ಲಿ ಗಣಿತ ಹೇಳಿಕೊಟ್ಟವನು. ನಿವೃತ್ತಿಯಾದ ಮೇಲೆ ಹತ್ತನೇ ತರಗತಿ ಮಕ್ಕಳ ಮುಂದಿನ ಓದಿನ ಕೆಲಸವನ್ನೇ ಹಿಡಿದುಕೊಂಡಿದ್ದೇನೆ. ಇಷ್ಟು ವರ್ಷದಲ್ಲಿ ಒಂದು ವಿಷಯ ಗಟ್ಟಿಯಾಗಿ ಗೊತ್ತಾಗಿದೆ. ನಮ್ಮ ಮಕ್ಕಳು ಕಳೆದುಹೋಗುವುದು ಹದಿನಾರರಿಂದ ಹದಿನೆಂಟರ ನಡುವೆ. ಶಾಲೆ ಬಿಡುವಾಗ ಅವರಿಗೆ ಹದಿನಾರು. ಎಸ್ಸೆಸ್ಸೆಲ್ಸಿ ಸಾಕು ಅನ್ನುವ ಕೆಲಸಗಳಿಗೂ ಸಾಮಾನ್ಯವಾಗಿ ಹದಿನೆಂಟು ತುಂಬಬೇಕು. ಮಧ್ಯದ ಆ ಎರಡು ವರ್ಷ ಮಗು ಯಾರ ಕಣ್ಣಳತೆಯಲ್ಲಿ ಇರುತ್ತದೆ? ಎಲ್ಲೂ ಸೇರದಿದ್ದರೆ ಹುಡುಗ ಇಟ್ಟಿಗೆ ಗೂಡಿಗೋ ಬೆಂಗಳೂರಿನ ಹೋಟೆಲ್ಲಿಗೋ ಹೋಗುತ್ತಾನೆ. ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ, ಗಂಡು ನೋಡಲು ಶುರುವಾಗುತ್ತದೆ. ಸೆಂಡ್‌ಆಫ್ ದಿನ ಆ ಅರವತ್ತೂ ಮಕ್ಕಳು ನಿಮ್ಮ ಕೈಗೆ ಒಟ್ಟಿಗೆ ಸಿಗುವ ಕೊನೆಯ ದಿನ. ಒಬ್ಬೊಬ್ಬರೂ ಯಾವ ಬಾಗಿಲಿಗೆ ಹೋಗಬೇಕು, ಅಲ್ಲಿಗೆ ಯಾವ ಕಾಗದ ಬೇಕು, ತಡವಾದರೆ ಯಾರಿಗೆ ಫೋನ್ ಮಾಡಬೇಕು, ಇಷ್ಟು ಗೊತ್ತಾಗಿ ಅವತ್ತು ಮನೆಗೆ ಹೋದರೆ ಸಾಕು.

ಸಂಭ್ರಮಕ್ಕೆ ಮಾತ್ರ ದಯವಿಟ್ಟು ಕತ್ತರಿ ಹಾಕಬೇಡಿ. ಕೆಲವು ಕಡೆ ‘ಪರೀಕ್ಷೆ ಹತ್ತಿರ ಇದೆ, ಪೂಜೆ ಮಾಡಿ ಹಾಲ್ ಟಿಕೆಟ್ ಕೊಟ್ಟು ಕಳಿಸಿ’ ಅಂತಾರೆ. ನನಗೆ ಅದು ಒಪ್ಪಿಗೆಯಿಲ್ಲ. ನಿಮ್ಮ ಶಾಲೆಯ ಎಷ್ಟೋ ಮಕ್ಕಳಿಗೆ ತಮ್ಮ ಹೆಸರಿನಲ್ಲಿ ನಡೆಯುವ ಮೊದಲ ಕಾರ್ಯಕ್ರಮ ಅದು. ಒಂಬತ್ತನೇ ತರಗತಿಯವರು ಮಾವಿನ ತೋರಣ ಕಟ್ಟಿ, ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ‘ಬೀಳ್ಕೊಡುಗೆ ಸಮಾರಂಭ’ ಅಂತ ಬರೆದು, ಪುಳಿಯೋಗರೆ ಕೇಸರಿಬಾತ್ ಬಡಿಸುತ್ತಾರೆ. ಯಾವತ್ತೂ ಬಾಯಿ ಬಿಡದ ಹುಡುಗ ಮೈಕ್ ಹಿಡಿದು ಎರಡು ಮಾತು ಆಡಿ ಅಳುತ್ತಾನೆ. ಆ ಅಳು ಬೇಕು. ಈ ಶಾಲೆ ನನ್ನದು ಅನ್ನಿಸಿದ ಮಗು ಮಾತ್ರ ಜೂನ್‌ನಲ್ಲಿ ಕಷ್ಟ ಬಂದಾಗ ವಾಪಸ್ ಬಂದು ನಿಮ್ಮ ಮುಂದೆ ನಿಲ್ಲುತ್ತದೆ.

ಆದರೆ ಚಂದಾ ವಿಷಯದಲ್ಲಿ ಗಟ್ಟಿಯಾಗಿರಿ. ಶಾಲೆಗೆ ಗೋಡೆ ಗಡಿಯಾರವೋ ಬೀರುವೋ ಕೊಡಬೇಕು ಅಂತ ಮಕ್ಕಳೇ ತಲೆಗಿಷ್ಟು ಎತ್ತುತ್ತಾರೆ. ಜೊತೆಗೆ ಹೊಸ ಸೀರೆ, ಹೊಸ ಶರ್ಟು. ಕೊಡಲಾಗದ ಮಗು ಅವತ್ತು ಜ್ವರ ಅಂತ ಮನೆಯಲ್ಲೇ ಉಳಿಯುತ್ತದೆ. ನಿಮಗೆ ಜಾಸ್ತಿ ಬೇಕಾಗಿರುವುದು ಆ ಮಗುವೇ ಅಲ್ವಾ? ಈ ಸಲ ಶಾಲೆಗೆ ಉಡುಗೊರೆ ಬೇಡ ಅಂತ ಜನವರಿಯಲ್ಲೇ ಹೇಳಿಬಿಡಿ. ಸೀರೆ ಉಡುವವರು ಅಮ್ಮನದನ್ನೋ ಅಕ್ಕನದನ್ನೋ ಉಡಲಿ, ಸಮವಸ್ತ್ರದಲ್ಲಿ ಬಂದರೂ ಚೆಂದವೇ ಅಂತ ತರಗತಿಯಲ್ಲಿ ಹೇಳಿ. ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಯವರ ಹತ್ತಿರ, ಹಳೆ ವಿದ್ಯಾರ್ಥಿಗಳ ಹತ್ತಿರ ಕೇಳುವುದಾದರೆ ಒಂದೇ ಒಂದು ವಸ್ತು ಕೇಳಿ: ಅರವತ್ತು ಪ್ಲಾಸ್ಟಿಕ್ ಫೈಲು, ಗುಂಡಿ ಹಾಕುವಂಥವು. ಅಂಥ ದೊಡ್ಡ ಖರ್ಚಲ್ಲ.

ಆ ಫೈಲೇ ಅವತ್ತಿನ ಉಡುಗೊರೆ. ಅದರಲ್ಲಿ ಏನಿರಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ನೋಡಿದ ಅನ್ಯಾಯಗಳಲ್ಲಿ ಅರ್ಧ ಕಾಗದ ಇಲ್ಲದ್ದರಿಂದಲೇ ಆದವು.

ಮೊದಲನೆಯದು ಗ್ರಾಮೀಣ ವ್ಯಾಸಂಗ ಪ್ರಮಾಣ ಪತ್ರ ಮತ್ತು ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣ ಪತ್ರ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಮೂಲಕ ಸಿಗುವ ವೃತ್ತಿಪರ ಕೋರ್ಸಿನ ಸೀಟುಗಳಲ್ಲಿ ಶೇಕಡಾ 15 ಮೀಸಲು ಇದೆ, ಕನ್ನಡ ಮಾಧ್ಯಮದವರಿಗೆ ಶೇಕಡಾ 5. ರಾಜ್ಯ ಸರ್ಕಾರದ ಕೆಲಸಕ್ಕೆ ಬಂದರೆ ಗ್ರಾಮೀಣರಿಗೆ ಶೇಕಡಾ 25, ಕನ್ನಡ ಮಾಧ್ಯಮಕ್ಕೆ ಶೇಕಡಾ 5. ಇದು ನಿಮ್ಮ ಮಕ್ಕಳ ಹಕ್ಕು. ಆದರೆ ಇದನ್ನು ಮುಖ್ಯ ಶಿಕ್ಷಕರು ಬರೆದು ಸಹಿ ಮಾಡಬೇಕು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಹಾಕಬೇಕು. ಮಗು ಕಿರಿಯ ಪ್ರಾಥಮಿಕ ಒಂದು ಊರಲ್ಲಿ, ಹಿರಿಯ ಪ್ರಾಥಮಿಕ ಇನ್ನೊಂದು ಊರಲ್ಲಿ ಓದಿದ್ದರೆ ಆ ಶಾಲೆಗಳಿಂದಲೂ ತರಬೇಕು. ಎರಡು ವರ್ಷ ಬಿಟ್ಟು ಸಿಇಟಿ ಹೊತ್ತಿಗೆ ಓಡಾಡಿದರೆ ಆ ಶಾಲೆಯಲ್ಲಿ ಮೇಷ್ಟ್ರು ಬದಲಾಗಿರುತ್ತಾರೆ, ಕೆಲವು ಸಲ ಶಾಲೆಯೇ ಮುಚ್ಚಿರುತ್ತದೆ. ನಾನು ಪಾಠ ಮಾಡಿದ ಒಬ್ಬ ಹುಡುಗನಿಗೆ ಹೀಗೇ ಆಯಿತು. ರ‍್ಯಾಂಕ್ ಚೆನ್ನಾಗಿತ್ತು. ಗ್ರಾಮೀಣ ಕೋಟಾದಲ್ಲಿ ಸೀಟು ಸಿಗುವುದಿತ್ತು. ದಾಖಲೆ ಪರಿಶೀಲನೆ ದಿನ ಮೂರನೇ ತರಗತಿವರೆಗಿನ ಕಾಗದ ಇರಲಿಲ್ಲ. ಅವನ ಅಪ್ಪ ಫೋನ್ ಮಾಡಿ ‘ಮೇಷ್ಟ್ರೇ, ಇದೊಂದು ಮೊದಲೇ ಹೇಳಬಾರದಿತ್ತಾ’ ಅಂದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ನೀವು ಜನವರಿಯಲ್ಲೇ ಅರವತ್ತು ಮಕ್ಕಳದ್ದೂ ಒಟ್ಟಿಗೆ ತಯಾರು ಮಾಡಿ ಬಿಇಒ ಕಚೇರಿಗೆ ಒಂದೇ ಸಲ ಒಯ್ದರೆ ಒಂದು ದಿನದ ಕೆಲಸ. ಮಕ್ಕಳು ಒಬ್ಬೊಬ್ಬರಾಗಿ ಓಡಾಡಿದರೆ ಅರವತ್ತು ದಿನದ ಕೂಲಿ ಹೋಗುತ್ತದೆ.

ಎರಡನೆಯದು ಜಾತಿ, ಆದಾಯ ಪ್ರಮಾಣ ಪತ್ರ. ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿರುವ ಆರ್‌ಡಿ ಸಂಖ್ಯೆ ಇಲ್ಲದೆ ರಾಜ್ಯ ವಿದ್ಯಾರ್ಥಿವೇತನದ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಮುಂದೆ ಹೋಗುವುದಿಲ್ಲ. ಆದಾಯ ಪತ್ರದ ಅವಧಿ ಐದು ವರ್ಷ. ಐದನೇ ತರಗತಿಯಲ್ಲಿ ಮಾಡಿಸಿದ್ದು ಮುಗಿದಿರುತ್ತದೆ, ತಂದೆತಾಯಿಗೆ ಅದು ನೆನಪಿರುವುದಿಲ್ಲ. ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ನೋಡಿಸಿ. ವಿದ್ಯಾರ್ಥಿವೇತನ ಮಂಜೂರಾಗಿಯೂ ಖಾತೆಗೆ ಬಾರದೆ ನಿಲ್ಲುವುದು ಇದರಿಂದಲೇ. ರೈತರ ಮಕ್ಕಳ ಫೈಲಿನಲ್ಲಿ ಅಪ್ಪನ ಎಫ್‌ಐಡಿ (ರೈತರ ಗುರುತಿನ) ಸಂಖ್ಯೆ ಬರೆದಿಡಿ, 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಗೆ ಅದು ಬೇಕು. ಅಪ್ಪನೋ ಅಮ್ಮನೋ ಕಟ್ಟಡ ಕೆಲಸದವರಾಗಿದ್ದರೆ ಕಾರ್ಮಿಕ ಕಾರ್ಡಿನ ನಕಲು ಇರಲಿ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿಂದಲೂ ಮಕ್ಕಳ ಓದಿಗೆ ಸಹಾಯಧನ ಇದೆ.

ಮೂರನೆಯದು ಹೆಸರು. ಹಾಲ್ ಟಿಕೆಟ್, ಆಧಾರ್, ಜಾತಿ ಪತ್ರ, ಮೂರನ್ನೂ ಪಕ್ಕಪಕ್ಕ ಇಟ್ಟು ಮಗುವಿನ ಕೈಯಲ್ಲೇ ಓದಿಸಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದರಲ್ಲಿ ನಾಗರತ್ನ, ಇನ್ನೊಂದರಲ್ಲಿ ನಾಗರತ್ನಮ್ಮ. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ಅಲೆದಾಟ. ಶಾಲೆಯಲ್ಲಿರುವಾಗ ಗೊತ್ತಾದರೆ ಮುಖ್ಯ ಶಿಕ್ಷಕರ ಪತ್ರದಿಂದ ದಾರಿ ಸಿಗುತ್ತದೆ.

ಇನ್ನೊಂದು, ಎಂಟನೇ ತರಗತಿಯಲ್ಲಿ ನಡೆಯುವ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ ಎನ್‌ಎಂಎಂಎಸ್ ಪಾಸಾದ ಮಕ್ಕಳು ನಿಮ್ಮಲ್ಲಿ ಇದ್ದರೆ ಅವರನ್ನು ಬೇರೆಯಾಗಿ ಕೂರಿಸಿಕೊಂಡು ಮಾತಾಡಿ. ವರ್ಷಕ್ಕೆ 12,000 ರೂಪಾಯಿ, ದ್ವಿತೀಯ ಪಿಯುಸಿವರೆಗೂ ಬರುತ್ತದೆ. ಆದರೆ ಹತ್ತನೇ ತರಗತಿಯಲ್ಲಿ ಶೇಕಡಾ 60 ಬರಬೇಕು, ಎಸ್‌ಸಿ, ಎಸ್‌ಟಿ ಮಕ್ಕಳಿಗೆ ಶೇಕಡಾ 55. ಸೇರುವುದು ಸರ್ಕಾರಿ ಅಥವಾ ಅನುದಾನಿತ ಕಾಲೇಜಿಗೇ ಆಗಿರಬೇಕು. ಪ್ರತಿ ವರ್ಷ ನವೀಕರಣವನ್ನೂ ಮಾಡಿಸಬೇಕು. ಎಂಟನೇ ತರಗತಿಯಲ್ಲಿ ಅಷ್ಟು ಕಷ್ಟಪಟ್ಟು ಗೆದ್ದ ಹಣವನ್ನು ಬರೀ ನವೀಕರಣ ಮರೆತು ಬಿಟ್ಟುಕೊಟ್ಟ ಮಕ್ಕಳನ್ನು ನೋಡಿದ್ದೇನೆ.

ಈಗ ಭಾಷಣಕಾರರ ವಿಷಯ. ಈ ಸಲ ಯಾರನ್ನೂ ದೂರದಿಂದ ಕರೆಸಬೇಡಿ. ನಿಮ್ಮದೇ ಶಾಲೆಯಲ್ಲಿ ಐದಾರು ವರ್ಷದ ಹಿಂದೆ ಓದಿದ ನಾಲ್ಕೈದು ಜನರನ್ನು ಕರೆಯಿರಿ. ದೊಡ್ಡ ಹೆಸರು ಮಾಡಿದವರೇ ಆಗಬೇಕಿಲ್ಲ. ಐಟಿಐ ಮಾಡಿ ಕಾರ್ಖಾನೆಯಲ್ಲಿ ಇರುವ ಒಬ್ಬ, ಲ್ಯಾಬ್ ಟೆಕ್ನಿಷಿಯನ್ ಆದ ಒಬ್ಬಳು, ಪಿಯುಸಿ ಕಲಾ ವಿಭಾಗ ಓದಿ ಪೊಲೀಸ್ ಕಾನ್ಸ್‌ಟೇಬಲ್ ಆದವರು, ಡಿಪ್ಲೊಮಾ ಓದುತ್ತಿರುವ ಹುಡುಗಿ. ವೇದಿಕೆ ಬೇಡ. ಮರದ ಕೆಳಗೆ, ತರಗತಿಯಲ್ಲಿ, ಒಬ್ಬೊಬ್ಬರ ಸುತ್ತ ಹದಿನೈದು ಮಕ್ಕಳು ಕೂರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಗುಂಪು ಬದಲಾಗಲಿ. ಮಕ್ಕಳ ಕೈಗೆ ಮೊದಲೇ ಪ್ರಶ್ನೆ ಕೊಟ್ಟಿರಿ: ಅರ್ಜಿ ಹಾಕಿದ್ದು ಯಾವ ತಿಂಗಳು? ಫೀಸು ಯಾರು ಕಟ್ಟಿದರು? ಮೊದಲ ದಿನ ಊಟ ಎಲ್ಲಿ ಮಾಡಿದಿರಿ? ಇಂಗ್ಲಿಷ್ ಅರ್ಥವಾಗದಾಗ ಏನು ಮಾಡಿದಿರಿ? ಈಗ ಕೈಗೆ ಎಷ್ಟು ಬರುತ್ತೆ? ಸಂಬಳ ಕೇಳುವುದು ತಪ್ಪು ಅಂತ ಮಕ್ಕಳನ್ನು ತಡೆಯಬೇಡಿ. ಕೂಲಿ ಮನೆಯ ಮಗುವಿಗೆ ಆ ಉತ್ತರ ಬೇಕೇ ಬೇಕು. ಪಕ್ಕದ ಬೀದಿಯ ಅಕ್ಕ ‘ಮೊದಲ ತಿಂಗಳು ಹಾಸ್ಟೆಲ್ಲಲ್ಲಿ ಅತ್ತಿದ್ದೆ, ಆಮೇಲೆ ಸರಿಹೋಯ್ತು’ ಅಂದರೆ ಮಗುವಿಗೆ ಸಿಗುವ ಧೈರ್ಯ ನಮ್ಮ ನಿಮ್ಮ ಮಾತಿನಿಂದ ಸಿಗುವುದಿಲ್ಲ.

ಅವರಿಗೆ ಯಾವ ಯಾವ ದಾರಿ ತೋರಿಸಬೇಕು ಅಂದರೆ, ನಿಮ್ಮ ತಾಲ್ಲೂಕಿನಿಂದಲೇ ಶುರು ಮಾಡೋಣ. ಪಾವಗಡದ ಸೋಲಾರ್ ಪಾರ್ಕ್ ಮಕ್ಕಳ ಕಣ್ಣಮುಂದೆಯೇ ಇದೆ. ತಿರುಮಣಿ ಸುತ್ತ 2,050 ಮೆಗಾವಾಟ್. ಊರಿನವರಿಗೆ ಸಿಕ್ಕಿದ್ದು ಹುಲ್ಲು ಕೀಳುವ, ಕಾವಲು ಕಾಯುವ ಕೆಲಸವೇ ಜಾಸ್ತಿ ಅನ್ನುವ ನೋವು ಅಲ್ಲಿಯ ಜನರಿಗಿದೆ. ಕೈಕೆಲಸ ಕಲಿತವರಿಗೆ ಮಾತ್ರ ಬೇರೆ ಬಾಗಿಲು ತೆರೆಯುತ್ತದೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಎರಡು ವರ್ಷದ ಕೋರ್ಸು, ಫಿಟ್ಟರ್ ಕೂಡ ಎರಡು ವರ್ಷ. ಸೋಲಾರ್ ಟೆಕ್ನಿಷಿಯನ್ ಅನ್ನುವ ಒಂದು ವರ್ಷದ ಟ್ರೇಡೂ ಇದೆ, ಯಾವ ಐಟಿಐನಲ್ಲಿ ನಡೆಯುತ್ತಿದೆ ಅಂತ ವಿಚಾರಿಸಿ. ಹದಿನಾರಕ್ಕೆ ಸೇರಿದ ಮಗು ಎರಡು ವರ್ಷದ ಟ್ರೇಡ್ ಮುಗಿಸುವ ಹೊತ್ತಿಗೆ ಸರಿಯಾಗಿ ಹದಿನೆಂಟು ತುಂಬುತ್ತದೆ. ಆಮೇಲೆ ಒಂದು ವರ್ಷ ಅಪ್ರೆಂಟಿಸ್ ಆಗಿ ಕೆಲಸ ಕಲಿಯುತ್ತಾ ಸ್ಟೈಪೆಂಡ್ ಪಡೆಯಬಹುದು. ರೈಲ್ವೆ, ಎಚ್‌ಎಎಲ್, ಬಿಇಎಲ್ ಎಲ್ಲ ಕಡೆ ಐಟಿಐ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತಾರೆ. ನಿಮ್ಮ ಜಿಲ್ಲೆಯಲ್ಲೇ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರಲ್ಲಿ ಶುರುವಾಗಿದೆ. ತುಮಕೂರಿನ ಹತ್ತಿರ ವಸಂತನರಸಾಪುರ ಕೈಗಾರಿಕಾ ಪ್ರದೇಶ ಇದೆ. ಐಟಿಐ ಅಂದರೆ ಓದದವರು ಹೋಗುವ ಜಾಗ ಅನ್ನುವ ಮಾತು ಸ್ಟಾಫ್ ರೂಮಿನಲ್ಲೂ ಕೇಳಿಬರುತ್ತದೆ. ದಯವಿಟ್ಟು ಮಕ್ಕಳ ಎದುರು ಯಾರೂ ಹಾಗೆ ಹೇಳದಂತೆ ನೋಡಿಕೊಳ್ಳಿ. ರಾಜ್ಯದ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳನ್ನು ಹಾಕಿಸಿದ್ದಾರೆ, ರೋಬೋಟಿಕ್ಸ್, ಎಲೆಕ್ಟ್ರಿಕ್ ವಾಹನದ ಕೋರ್ಸುಗಳು ಬಂದಿವೆ. ಸಾಧ್ಯವಾದರೆ ಫೆಬ್ರವರಿಗೆ ಮೊದಲು ಹತ್ತಿರದ ಐಟಿಐಗೆ ಮಕ್ಕಳನ್ನು ಅರ್ಧ ದಿನ ಕರೆದುಕೊಂಡು ಹೋಗಿ ತೋರಿಸಿ.

ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ, ಸೀಟು ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಮುಗಿಸಿ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದರೆ ನೇರ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ ವಿಜ್ಞಾನದ ಟ್ಯೂಷನ್ ಖರ್ಚು ಹೊರಲಾಗದ ಮನೆಯ ಚುರುಕು ಮಗುವಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ. ಮೂರು ವರ್ಷಕ್ಕೆ ಕೆಲಸ ಹಿಡಿಯುವ ಅರ್ಹತೆ ಕೈಯಲ್ಲಿರುತ್ತದೆ, ಮುಂದಿನ ಓದಿನ ಬಾಗಿಲೂ ತೆರೆದಿರುತ್ತದೆ. ಸರ್ಕಾರದ್ದೇ ಜಿಟಿಟಿಸಿ ಅಂತ ಇದೆ, ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದದ್ದು, ಈಗ ಜಿಲ್ಲೆಗಳಲ್ಲೂ ಕೇಂದ್ರಗಳಿವೆ. ಅಲ್ಲಿ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ಪ್ಲಾಸ್ಟಿಕ್ ಕ್ಷೇತ್ರಕ್ಕೆ ಮೈಸೂರಿನಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಸಿಪೆಟ್ ಕೂಡ ಹತ್ತನೇ ತರಗತಿ ಆದವರನ್ನು ಡಿಪ್ಲೊಮಾಗೆ ತೆಗೆದುಕೊಳ್ಳುತ್ತದೆ.

ಕುರಿ, ದನ, ಹೊಲ ಇರುವ ಮನೆಯ ಮಕ್ಕಳಿಗೆ ಹೇಳಲು ನಾವು ಮರೆಯುವ ಎರಡು ದಾರಿ ಇವೆ. ಕೃಷಿ ವಿಶ್ವವಿದ್ಯಾಲಯಗಳು ನಡೆಸುವ ಎರಡು ವರ್ಷದ ಕೃಷಿ ಡಿಪ್ಲೊಮಾ, ಪಾಠ ಕನ್ನಡದಲ್ಲೇ. ಇನ್ನೊಂದು ಪಶುಸಂಗೋಪನಾ ಡಿಪ್ಲೊಮಾ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಪಶುಸಂಗೋಪನಾ ಪಾಲಿಟೆಕ್ನಿಕ್ ಇದೆ, ನಿಮ್ಮ ಜಿಲ್ಲೆಯೇ. ಕುರಿಗೆ ಕಾಲುಬಾಯಿ ಜ್ವರ ಬಂದಾಗ ಏನು ಮಾಡಬೇಕು ಅಂತ ಮನೆಯಲ್ಲೇ ನೋಡಿ ಬೆಳೆದ ಹುಡುಗನಿಗೆ ಅಲ್ಲಿ ತಾನು ದಡ್ಡ ಅನ್ನಿಸುವುದಿಲ್ಲ. ಅದು ಸಣ್ಣ ಮಾತಲ್ಲ.

ಆಸ್ಪತ್ರೆ ಕೆಲಸ ಇಷ್ಟಪಡುವವರಿಗೆ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾಗಳಿವೆ: ಲ್ಯಾಬ್, ಎಕ್ಸ್‌ರೇ, ಆಪರೇಷನ್ ಥಿಯೇಟರ್ ತಂತ್ರಜ್ಞರ ಕೋರ್ಸುಗಳು. ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ. ನರ್ಸಿಂಗ್ ಹಾಗಲ್ಲ. ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂಗೆ ಪಿಯುಸಿ ಬೇಕೇ ಬೇಕು. ‘ಎಸ್ಸೆಸ್ಸೆಲ್ಸಿ ಸಾಕು, ನರ್ಸ್ ಮಾಡುತ್ತೇವೆ’ ಅಂತ ಪಾಂಪ್ಲೆಟ್ ಹಿಡಿದು ಬರುವವರನ್ನು ಶಾಲೆ ಗೇಟಿನ ಒಳಗೇ ಬಿಡಬೇಡಿ. ಯಾವ ಖಾಸಗಿ ಸಂಸ್ಥೆಯವರು ಬಂದರೂ ಒಂದೇ ಪ್ರಶ್ನೆ ಕೇಳಿ: ಪ್ರಮಾಣ ಪತ್ರ ಯಾರು ಕೊಡುತ್ತಾರೆ? ಮಂಡಳಿ, ವಿಶ್ವವಿದ್ಯಾಲಯ ಅಥವಾ ತಾಂತ್ರಿಕ ಶಿಕ್ಷಣ ಇಲಾಖೆಯ ಹೆಸರು ಬಾರದೆ ‘ನಮ್ಮದೇ ಸರ್ಟಿಫಿಕೇಟ್’ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ಪಿಯುಸಿ ಬಗ್ಗೆ ಮಕ್ಕಳಿಗೆ ಅಲ್ಪಸ್ವಲ್ಪ ಗೊತ್ತಿರುತ್ತದೆ, ಹಾಗಾಗಿ ಎರಡೇ ಮಾತು. ಕನ್ನಡ ಮಾಧ್ಯಮದಿಂದ ವಿಜ್ಞಾನಕ್ಕೆ ಹೋದರೆ ಪಾಠ ಇಂಗ್ಲಿಷಿನಲ್ಲಿ. ಮೊದಲ ಮೂರು ತಿಂಗಳು ಕತ್ತಲು. ಏಪ್ರಿಲ್, ಮೇ ರಜೆಯಲ್ಲಿ ಹತ್ತನೇ ತರಗತಿಯ ವಿಜ್ಞಾನ, ಗಣಿತದ ಇಂಗ್ಲಿಷ್ ಪುಸ್ತಕ ತಂದು ದಿನಕ್ಕೆ ಎರಡು ಪುಟ ಓದಿದ ಮಕ್ಕಳು ನಿಂತುಕೊಳ್ಳುತ್ತಾರೆ. ವಿಷಯ ಮೊದಲೇ ಗೊತ್ತಿರುವುದರಿಂದ ಪದಗಳಷ್ಟೇ ಹೊಸದು. ಮಾರ್ಕ್ಸ್ ಬಂದಿದೆ ಅಂತ ಸುಮ್ನೆ ಎಲ್ಲರನ್ನೂ ವಿಜ್ಞಾನಕ್ಕೆ ತಳ್ಳುವುದು ನನಗೆ ಇಷ್ಟವಿಲ್ಲ. ಕಲಾ ವಿಭಾಗ ಅಂದರೆ ಮೂಗು ಮುರಿಯುವವರಿಗೆ ಹೇಳಿ: ಪೊಲೀಸ್ ಕಾನ್ಸ್‌ಟೇಬಲ್‌ಗೆ ಪಿಯುಸಿ ಸಾಕು, ಗ್ರಾಮ ಆಡಳಿತ ಅಧಿಕಾರಿಗೆ ಪಿಯುಸಿ, ಡಿ.ಎಡ್‌ಗೆ ಪಿಯುಸಿ. ಸಮಾಜ ವಿಜ್ಞಾನ ಚೆನ್ನಾಗಿ ಓದಿದ ಮಗುವಿಗೆ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಅದೇ ಬಂಡವಾಳ. ಇದು ನೀವೇ ಹೇಳಬೇಕಾದ ಮಾತು ಮೇಡಂ, ನಿಮ್ಮ ವಿಷಯ.

ಹದಿನೆಂಟು ತುಂಬಿದ ಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಂದರಿಂದಲೇ ತೆರೆಯುವ ಬಾಗಿಲುಗಳನ್ನೂ ಹೇಳಿಬಿಡಿ. ಪರೀಕ್ಷೆಗೆ ಮುಂಚೆ ಇದನ್ನು ಹೇಳಿದರೆ ಓದಿಗೆ ಬೇರೆ ಬಲ ಬರುತ್ತದೆ. ಅಂಚೆ ಇಲಾಖೆಯ ಗ್ರಾಮೀಣ ಡಾಕ್ ಸೇವಕ್ ಹುದ್ದೆಗೆ ಪರೀಕ್ಷೆಯೇ ಇಲ್ಲ, ಹತ್ತನೇ ತರಗತಿಯ ಅಂಕವೇ ಆಯ್ಕೆ. ವಿದ್ಯುತ್ ಕಂಪನಿಗಳ ಕಿರಿಯ ಪವರ್‌ಮ್ಯಾನ್ ಹುದ್ದೆಗೂ ಎಸ್ಸೆಸ್ಸೆಲ್ಸಿ ಅಂಕ, ಜೊತೆಗೆ ಕಂಬ ಹತ್ತುವ ಪರೀಕ್ಷೆ. 625ಕ್ಕೆ ಬಂದ ಒಂದೊಂದು ಅಂಕವೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ರೈಲ್ವೆ ಗ್ರೂಪ್ ಡಿ, ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ ಎಸ್‌ಎಸ್‌ಸಿಯ ಎಂಟಿಎಸ್ (ಕಚೇರಿ ಸಹಾಯಕ ಹುದ್ದೆಗಳು), ಅರೆಸೇನಾ ಪಡೆಗಳ ಜಿಡಿ ಕಾನ್ಸ್‌ಟೇಬಲ್, ಸೇನೆಯ ಅಗ್ನಿವೀರ್ (ಇದಕ್ಕೆ ಹದಿನೇಳೂವರೆ ತುಂಬಿದರೂ ಸಾಕು), ಇವಕ್ಕೂ ಹತ್ತನೇ ತರಗತಿ ಸಾಕು. ಎಂಟಿಎಸ್ ಮತ್ತು ಜಿಡಿ ಕಾನ್ಸ್‌ಟೇಬಲ್ ಪರೀಕ್ಷೆಗಳನ್ನು ಈಗ ಕನ್ನಡದಲ್ಲೇ ಬರೆಯಬಹುದು. ಹಿಂದಿ, ಇಂಗ್ಲಿಷ್ ಬಾರದು ಅಂತ ಕೇಂದ್ರದ ಕೆಲಸಗಳ ಕಡೆ ತಿರುಗಿಯೂ ನೋಡದೆ ನಮ್ಮ ಎಷ್ಟು ಮಕ್ಕಳು ಉಳಿದುಬಿಟ್ಟರೋ. ಈಗ ಆ ಅಡ್ಡಿ ತುಂಬಾ ಕಡಿಮೆಯಾಗಿದೆ. ಆದರೆ ಒಂದು ಎಚ್ಚರ: ಹದಿನೆಂಟಕ್ಕೆ ಕೆಲಸ ಸಿಗುತ್ತೆ ಅಂತ ಹದಿನಾರಕ್ಕೆ ಮನೆಯಲ್ಲಿ ಕೂರುವಂತಾಗಬಾರದು. ಪಿಯುಸಿಯೋ ಐಟಿಐಯೋ ಓದುತ್ತಲೇ ಹದಿನೆಂಟನ್ನು ತಲುಪಬೇಕು.

ತಂದೆತಾಯಿಯನ್ನು ಅವತ್ತು ಕರೆಸಲೇಬೇಕು. ನಿಮ್ಮ ಕಡೆಯೂ ಸೋಮವಾರ ಎತ್ತು ಹೂಡದ ಪದ್ಧತಿ ಇದ್ದರೆ ಸೋಮವಾರ ಇಟ್ಟುಕೊಳ್ಳಿ, ಸಂತೆಯ ದಿನ ಬೇಡ. ಊಟಕ್ಕೆ ಅವರನ್ನೂ ಕೂರಿಸಿ. ಊಟ ಆದ ಮೇಲೆ ಒಂದು ಗಂಟೆ ಸಾಕು. ಹೆಣ್ಣುಮಕ್ಕಳ ಅಮ್ಮಂದಿರ ಜೊತೆ ನೀವೇ ಬೇರೆಯಾಗಿ ಮಾತಾಡಿ, ಭಾಷಣದ ಥರ ಬೇಡ. ಅವರ ಭಯ ನಿಜವಾದದ್ದು: ದೂರ, ಬಸ್ಸು, ಖರ್ಚು, ಜನರ ಮಾತು. ಒಂದೊಂದಕ್ಕೂ ಉತ್ತರ ಇದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಣ್ಣುಮಕ್ಕಳಿಗೆ ಉಚಿತ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ. ಹಿಂದುಳಿದ ವರ್ಗದ ಮಗುವಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು ಹಣ ಬರುತ್ತದೆ. ಹಾಸ್ಟೆಲ್‌ನಲ್ಲಿ ಈಗಾಗಲೇ ಇರುವ ನಿಮ್ಮ ಹಳೆ ವಿದ್ಯಾರ್ಥಿನಿಯ ಅಮ್ಮ ಅಲ್ಲಿ ಕೂತಿದ್ದರೆ ಅರ್ಧ ಭಯ ಅಲ್ಲೇ ಹೋಗುತ್ತದೆ.

ಗಂಡು ನೋಡುತ್ತಿದ್ದಾರೆ ಅನ್ನುವ ಸುಳಿವು ಸಿಕ್ಕಿದ ಕ್ಷಣ ತಡ ಮಾಡಬೇಡಿ. ಹದಿನೆಂಟಕ್ಕೆ ಮುಂಚಿನ ಮದುವೆ ಅಪರಾಧ. ಕರ್ನಾಟಕದಲ್ಲಿ ಅಂಥ ಮದುವೆಗೆ ಮೊದಲಿನಿಂದಲೇ ಬೆಲೆ ಇಲ್ಲ ಅಂತ ಕಾನೂನು ಇದೆ. ಮೊದಲು ಮನೆಯವರ ಜೊತೆ ಮಾತಾಡಿ, ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಈ ನಂಬರನ್ನು ಪ್ರತಿ ಹುಡುಗಿಯೂ ಬಾಯಿಪಾಠ ಹೇಳುವ ಹಾಗೆ ಮಾಡಿ. ಹುಡುಗರಿಗೂ ಗೊತ್ತಿರಲಿ, ತಂಗಿಗೋ ಗೆಳತಿಗೋ ಬೇಕಾದೀತು.

ಪಾಸಾಗುವುದು ಕಷ್ಟ ಅಂತ ನಿಮಗೆ ಗೊತ್ತಿರುವ ಮಕ್ಕಳನ್ನು ಅವತ್ತಿನ ಮಾತಿನಿಂದ ಹೊರಗಿಡಬೇಡಿ. ಸಾಮಾನ್ಯವಾಗಿ ‘ಮುಂದೇನು’ ಅನ್ನುವ ಕಾರ್ಯಕ್ರಮವೆಲ್ಲ ಪಾಸಾದವರಿಗೇ ಇರುತ್ತದೆ. ಹಿಂದಿನ ಬೆಂಚಿನವರು ಇದು ನಮ್ಮದಲ್ಲ ಅಂತ ಎದ್ದು ಹೋಗುತ್ತಾರೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಅವುಗಳಲ್ಲಿ ಚೆನ್ನಾಗಿ ಬಂದ ಅಂಕವೇ ಉಳಿಯುತ್ತದೆ. ಮೊದಲ ಪರೀಕ್ಷೆಯಲ್ಲಿ ಹೋದ ವಿಷಯವನ್ನು ಮುಂದಿನ ಪರೀಕ್ಷೆಯಲ್ಲಿ ಬರೆದು ಅದೇ ವರ್ಷ ಕಾಲೇಜು ಸೇರಿದ ಮಕ್ಕಳಿದ್ದಾರೆ. ಅಷ್ಟಾಗಿಯೂ ಆಗದಿದ್ದರೆ ವೆಲ್ಡರ್, ವೈರ್‌ಮ್ಯಾನ್, ಪ್ಲಂಬರ್, ಕಾರ್ಪೆಂಟರ್ ಟ್ರೇಡುಗಳಿಗೆ ಎಂಟನೇ ತರಗತಿ ಪಾಸಾದವರೂ ಐಟಿಐ ಸೇರಬಹುದು. ಇದನ್ನು ಎಲ್ಲರ ಎದುರು, ಎಲ್ಲರಿಗೂ ಸೇರಿಸಿ ಹೇಳಿ. ಒಬ್ಬರನ್ನು ಬೊಟ್ಟು ಮಾಡಿ ಹೇಳಬೇಡಿ.

ಕೊನೆಗೆ ಫೈಲಿನ ಒಳ ರಟ್ಟಿನ ಮೇಲೆ ಮಗು ತನ್ನ ಕೈಯಲ್ಲೇ ಮೂರು ಸಾಲು ಬರೆಯಲಿ. ನಾನು ಸೇರಬೇಕು ಅಂದುಕೊಂಡಿರುವುದು ಇಲ್ಲಿ. ಅದು ಸಿಗದಿದ್ದರೆ ಇಲ್ಲಿ. ತೊಂದರೆ ಬಂದರೆ ಇವರಿಗೆ ಫೋನ್ ಮಾಡುತ್ತೇನೆ. ಮೂರನೇ ಸಾಲಿನಲ್ಲಿ ಒಬ್ಬ ಶಿಕ್ಷಕರ ಹೆಸರು, ನಂಬರ್. ಎಲ್ಲವೂ ನಿಮ್ಮದೇ ಆಗಬಾರದು. ನೀವು ಎಂಟು ಜನ ಶಿಕ್ಷಕರಿದ್ದರೆ ಒಬ್ಬೊಬ್ಬರಿಗೆ ಏಳೆಂಟು ಮಕ್ಕಳು. ಎಸ್‌ಎಟಿಎಸ್ (ಶಾಲಾ ದಾಖಲೆಯ ವಿದ್ಯಾರ್ಥಿ) ಸಂಖ್ಯೆ, ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆಯೂ ಅಲ್ಲೇ ಇರಲಿ. ಇದೇ ಮೂರು ಸಾಲನ್ನು ನೀವೂ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟುಕೊಳ್ಳಿ.

ಫಲಿತಾಂಶ ಮೇ ತಿಂಗಳ ಆಸುಪಾಸಿಗೆ ಬರುತ್ತದೆ. ಐಟಿಐ, ಡಿಪ್ಲೊಮಾ ಅರ್ಜಿಗಳ ಗಡುವು ಅದರ ಬೆನ್ನಲ್ಲೇ. ಜುಲೈವರೆಗೆ ಕಾಯಬೇಡಿ. ಫಲಿತಾಂಶ ಬಂದ ಹತ್ತು ದಿನಕ್ಕೆ ಒಂದು ಸುತ್ತು, ಜೂನ್ ಎರಡನೇ ವಾರದಲ್ಲಿ ಇನ್ನೊಂದು ಸುತ್ತು ಫೋನ್ ಮಾಡಿ. ‘ಸೇರಿದೆಯಾ?’ ಅಂತ ಒಂದೇ ಪ್ರಶ್ನೆ. ಸೇರಿದ್ದರೆ ರಿಜಿಸ್ಟರಿನಲ್ಲಿ ಹಸಿರು ಗುರುತು. ಇಲ್ಲ ಅಂದರೆ ಅದೇ ವಾರ ಮನೆಗೆ ಹೋಗಿ ಬನ್ನಿ. ಆ ಮನೆಗಳಿಗೆ ಹೋಗುವಾಗ ಐಟಿಐಯ ಹುಡುಗನನ್ನೋ ಹಾಸ್ಟೆಲ್ಲಿನ ಹುಡುಗಿಯನ್ನೋ ಜೊತೆಗೆ ಕರೆದುಕೊಂಡು ಹೋಗಿ. ಮುಂದಿನ ಫೆಬ್ರವರಿಯ ಸೆಂಡ್‌ಆಫ್‌ಗೆ ಯಾರನ್ನು ಕರೆಯಬೇಕು ಅನ್ನುವುದೂ ಆ ರಿಜಿಸ್ಟರಿನಲ್ಲೇ ಸಿಗುತ್ತದೆ.